ಆಂಪ್ಲಿಫೈಯರ್‌ನ ಒಂದೇ ಇನ್‌ಪುಟ್‌ಗೆ ಹಲವು ಧ್ವನಿಮೂಲಗಳನ್ನು ಜೋಡಿಸುವ ಕ್ರಮ

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಸ್ಪೀಕರುಗಳೂ ಚೆನ್ನಾಗಿರುತ್ತವೆ. ಆದರೆ ಹಿಂಬದಿಯಲ್ಲಿ ಬಳಕೆಗೆ ಸಿಗುವುದು ‘ಆಕ್ಸ್’ ಎಂದು ಬರೆದಿರುವ ಒಂದೇ ಜೋಡಿ ಸಾಕೆಟ್. ಟಿವಿ, ಲ್ಯಾಪ್‌ಟಾಪ್, ಮೊಬೈಲಿನ ಹಾಡುಗಳಿಗೆಂದು ತಂದ ಬ್ಲೂಟೂತ್ ರಿಸೀವರ್ ಈ ಮೂರೂ ಅಲ್ಲಿಗೇ ಬಂದು ಸೇರಬೇಕು. ಸಂಗೀತಾಭ್ಯಾಸ ನಡೆಯುವ ಮನೆಗಳಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಾಳದ ಯಂತ್ರ, ಆನ್‌ಲೈನ್ ಪಾಠ ಬರುವ ಮೊಬೈಲು ಇವೆಲ್ಲ ಒಂದೇ ಸ್ಪೀಕರಿನಲ್ಲಿ ಕೇಳಿಸಬೇಕಾದಾಗಲೂ ಪ್ರಶ್ನೆ ಇದೇ. ಅಂಗಡಿಯಲ್ಲಿ ಸಿಗುವ ವೈ ಕೇಬಲನ್ನು (ಒಂದು ತುದಿ ಎರಡಾಗಿ ಕವಲೊಡೆಯುವ ಕೇಬಲು) ತಂದು ಎಲ್ಲವನ್ನೂ ಕೂಡಿಸಿಬಿಡುವುದು ಮೊದಲು ಹೊಳೆಯುವ ಉಪಾಯ, ಆದರೆ ಮಾಡಬಾರದ ಕೆಲಸವೂ ಅದೇ. ಬೇರೆ ದಾರಿಗಳು ಕಷ್ಟದವಲ್ಲ. ಬೆಸುಗೆ ಹಾಕಲು ಬರುವವರು ಒಂದು ಸಂಜೆಯಲ್ಲಿ ಮುಗಿಸಬಹುದು.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು: ಈ ಮೂಲಗಳು ಏಕಕಾಲಕ್ಕೆ ಕೇಳಿಸಬೇಕೇ, ಅಥವಾ ಒಂದು ಸಲಕ್ಕೆ ಒಂದು ಕೇಳಿಸಿದರೆ ಸಾಕೇ? ಟಿವಿ ನೋಡುವಾಗ ಮೊಬೈಲಿನ ಹಾಡು ಯಾರಿಗೂ ಬೇಕಿರುವುದಿಲ್ಲ. ಅಂಥ ಮನೆಗೆ ಬೇಕಾದದ್ದು ಧ್ವನಿಗಳನ್ನು ಬೆರೆಸುವ ಮಿಕ್ಸರ್ ಅಲ್ಲ, ಬರಿಯ ಸ್ವಿಚ್. ಮಿಕ್ಸರ್ ಕಟ್ಟಲು ಹೊರಟವರಲ್ಲಿ ಹೆಚ್ಚಿನವರಿಗೆ ಸ್ವಿಚ್ಚೇ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಶ್ರುತಿಯ ಜೊತೆಗೇ ಪಾಠದ ಧ್ವನಿ ಬೇಕಾದವರಿಗೆ, ಅಥವಾ ಎದ್ದುಹೋಗಿ ಸ್ವಿಚ್ ತಿರುಗಿಸುವ ಗೊಡವೆಯೇ ಬೇಡ ಎನ್ನುವವರಿಗೆ ಮಾತ್ರ ನಿಜವಾದ ಮಿಶ್ರಣ ಬೇಕಾಗುತ್ತದೆ.

ಸ್ವಿಚ್ಚಿನ ದಾರಿ

ಹಿಂದೆ ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸುಗಳನ್ನು ಒಂದೇ ಟಿವಿಗೆ ಜೋಡಿಸಲು ಬಳಸುತ್ತಿದ್ದ ಎವಿ ಸೆಲೆಕ್ಟರ್ ಎಂಬ ಚಿಕ್ಕ ಪೆಟ್ಟಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹಳದಿ ಸಾಕೆಟನ್ನು ಖಾಲಿ ಬಿಟ್ಟು, ಕೆಂಪು ಮತ್ತು ಬಿಳಿ ಸಾಕೆಟುಗಳನ್ನು ಮಾತ್ರ ಬಳಸಿದರಾಯಿತು. ಇದರಲ್ಲಿ ವಿದ್ಯುತ್ತಿನ ಹಂಗಿಲ್ಲ, ಧ್ವನಿಯ ಮಟ್ಟ ಇಳಿಯುವುದಿಲ್ಲ, ಗುಣವೂ ಕೆಡುವುದಿಲ್ಲ. ಒತ್ತುಗುಂಡಿಗಳಿರುವ ಮಾದರಿಯಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ಎರಡು ಮೂಲಗಳು ನೇರವಾಗಿ ಕೂಡಿಕೊಳ್ಳುವ ಸಾಧ್ಯತೆ ಇದೆ ಎಂಬುದಷ್ಟೇ ಗಮನದಲ್ಲಿರಲಿ. ತಾವೇ ಕಟ್ಟುವವರು ಎರಡು ಪೋಲ್‌ಗಳ ರೋಟರಿ ಸ್ವಿಚ್ ಬಳಸಬೇಕು. ರೇಡಿಯೊ ರಿಪೇರಿಯ ಹಳಬರು ಇದನ್ನೇ ಬ್ಯಾಂಡ್ ಸ್ವಿಚ್ ಎನ್ನುತ್ತಾರೆ. ಒಂದು ಪೋಲ್ ಎಡ ಚಾನೆಲ್ಲಿಗೆ, ಇನ್ನೊಂದು ಬಲ ಚಾನೆಲ್ಲಿಗೆ. ಎಲ್ಲ ಸಾಕೆಟುಗಳ ಗ್ರೌಂಡನ್ನು (ಹೊರ ಉಂಗುರವನ್ನು) ಒಂದೇ ತಂತಿಗೆ ಸೇರಿಸಿದರೆ ಕೆಲಸ ಮುಗಿಯಿತು.

ವೈ ಕೇಬಲ್ ಏಕೆ ಸಲ್ಲದು

ಒಂದೇ ಮೂಲದ ಧ್ವನಿಯನ್ನು ಎರಡು ಆಂಪ್ಲಿಫೈಯರುಗಳಿಗೆ ಹಂಚಲು ವೈ ಕೇಬಲ್ ಬಳಸಬಹುದು, ಅದರಿಂದ ತೊಂದರೆಯಿಲ್ಲ. ಎರಡು ಔಟ್‌ಪುಟ್‌ಗಳನ್ನು ಕೂಡಿಸಲು ಬಳಸಿದಾಗ ಮಾತ್ರ ಎಡವಟ್ಟಾಗುತ್ತದೆ. ಈಗಿನ ಉಪಕರಣಗಳಲ್ಲಿ ಇನ್ನೊಂದು ಉಪಕರಣಕ್ಕೆ ಧ್ವನಿ ಕೊಡುವ ಲೈನ್ ಔಟ್‌ಪುಟ್‌ನ ಇಂಪೀಡೆನ್ಸ್ (ಸಂಕೇತದ ಹರಿವಿಗೆ ಒಡ್ಡುವ ತಡೆ) ಬಹಳ ಕಡಿಮೆ, ಸಾಮಾನ್ಯವಾಗಿ ಕೆಲವು ನೂರು ಓಮ್‌ಗಳ ಒಳಗೆ ಇರುತ್ತದೆ. ಅಂಥ ಔಟ್‌ಪುಟ್ ತನ್ನ ತುದಿಯಲ್ಲಿ ತಾನು ನಿರ್ಧರಿಸಿದ ವೋಲ್ಟೇಜೇ ಇರಬೇಕೆಂದು ಪಟ್ಟು ಹಿಡಿಯುತ್ತದೆ. ಎರಡನ್ನು ನೇರವಾಗಿ ಕಟ್ಟಿದರೆ ಒಂದು 2 ವೋಲ್ಟ್ ಕೊಡುತ್ತಿರುವಾಗ ಸುಮ್ಮನಿರುವ ಇನ್ನೊಂದು ಅದನ್ನು ಸೊನ್ನೆಯತ್ತ ಎಳೆಯುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡೂ ಔಟ್‌ಪುಟ್‌ಗಳ ಇಂಪೀಡೆನ್ಸ್ ತಲಾ 100 ಓಮ್ ಇದ್ದರೆ, 2 ವೋಲ್ಟಿಗೆ ಹರಿಯುವ ವಿದ್ಯುತ್ಪ್ರವಾಹ 10 ಮಿಲಿಆಂಪಿಯರ್. ಅದೇ ಉಪಕರಣವು 10 ಕಿಲೋಓಮ್‌ನ ಆಂಪ್ಲಿಫೈಯರ್ ಇನ್‌ಪುಟ್‌ಗೆ ಕೊಡಬೇಕಾದ ಪ್ರವಾಹ 0.2 ಮಿಲಿಆಂಪಿಯರ್ ಮಾತ್ರ. ಅಂದರೆ ಹೊರೆ ಐವತ್ತು ಪಟ್ಟು ಹೆಚ್ಚಾಯಿತು. ಹೆಚ್ಚಿನ ಉಪಕರಣಗಳು ಇದರಿಂದ ಒಡನೆ ಸುಟ್ಟುಹೋಗುವುದಿಲ್ಲ, ಆದ್ದರಿಂದಲೇ ‘ನಮ್ಮಲ್ಲಿ ವರ್ಷಗಟ್ಟಲೆ ನಡೆಯುತ್ತಿದೆ’ ಎಂದು ಹೇಳುವವರು ಸಿಗುತ್ತಾರೆ. ಆದರೆ ಧ್ವನಿ ಕುಗ್ಗುತ್ತದೆ, ಜೋರಾದ ಭಾಗಗಳಲ್ಲಿ ಒಡೆಯುತ್ತದೆ, ಔಟ್‌ಪುಟ್‌ನ ಬಿಡಿಭಾಗಗಳು ವಿನಾಕಾರಣ ಬಿಸಿಯಾಗುತ್ತವೆ.

ಯಾವುದನ್ನು ಕೂಡಿಸಬಹುದು, ಯಾವುದನ್ನು ಕೂಡದು

ಮುಂದೆ ಹೇಳುವ ವಿಧಾನ ಲೈನ್ ಮಟ್ಟದ ಸಂಕೇತಗಳಿಗೆ ಮತ್ತು ಹೆಡ್‌ಫೋನ್ ಔಟ್‌ಪುಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಸಿಡಿ ಪ್ಲೇಯರಿನ ಪೂರ್ಣ ಮಟ್ಟ ಸುಮಾರು 2 ವೋಲ್ಟ್. ಮೊಬೈಲಿನ ಹೆಡ್‌ಫೋನ್ ಸಾಕೆಟ್ ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟಿನವರೆಗೆ ಕೊಡುತ್ತದೆ. ಮೈಕಿನ ಸಂಕೇತ ಕೆಲವೇ ಮಿಲಿವೋಲ್ಟುಗಳಷ್ಟು. ಅದಕ್ಕೆ ಮೊದಲು ಪ್ರತ್ಯೇಕ ಪ್ರೀಆಂಪ್ಲಿಫೈಯರ್ ಬೇಕು. ಗ್ರಾಮಫೋನ್ ತಟ್ಟೆಗಳ ಟರ್ನ್‌ಟೇಬಲ್ಲಿನದೂ ಅಷ್ಟೇ ಕ್ಷೀಣ, ಮೇಲಾಗಿ ಅದಕ್ಕೆ ಆರ್‌ಐಎಎ ಸಮೀಕರಣವಿರುವ (ತಟ್ಟೆ ಮುದ್ರಿಸುವಾಗ ತಗ್ಗಿಸಿದ ಮಂದ್ರವನ್ನೂ ಏರಿಸಿದ ತಾರವನ್ನೂ ಸರಿಪಡಿಸುವ) ಫೋನೊ ಪ್ರೀಆಂಪ್ ಕಡ್ಡಾಯ. ವೀಣೆ, ಪಿಟೀಲುಗಳಿಗೆ ಅಂಟಿಸುವ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಪಿಕಪ್‌ಗಳು 1 ಮೆಗಾಓಮ್‌ನಷ್ಟು ದೊಡ್ಡ ಇನ್‌ಪುಟ್ ಇಂಪೀಡೆನ್ಸ್ ಬಯಸುತ್ತವೆ. ಅವುಗಳನ್ನು ಕಿಲೋಓಮ್‌ಗಳ ರೆಸಿಸ್ಟರಿಗೆ ಕಟ್ಟಿದರೆ ಮಂದ್ರವೆಲ್ಲ ಮಾಯವಾಗಿ ನಾದ ತಗಡಿನಂತಾಗುತ್ತದೆ.

ಇನ್ನೊಂದು ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲುಗಳನ್ನು ಇಲ್ಲಿಗೆ ತರಲೇಬಾರದು. ಅವುಗಳಲ್ಲಿ ಹತ್ತಾರು ವೋಲ್ಟ್ ಇರಬಹುದು. ಕಾರ್ ಸ್ಟೀರಿಯೊಗಳಲ್ಲಂತೂ ಬಹುತೇಕ ಎರಡು ತುದಿಗಳಲ್ಲಿ ಒಂದೂ ಗ್ರೌಂಡ್ ಆಗಿರುವುದಿಲ್ಲವಾದ್ದರಿಂದ ಒಂದನ್ನು ಗ್ರೌಂಡಿಗೆ ಕಟ್ಟಿದೊಡನೆ ಐಸಿಗೆ ಆಪತ್ತು. ಶಾಲೆ, ದೇವಸ್ಥಾನಗಳ ಧ್ವನಿವರ್ಧಕ ವ್ಯವಸ್ಥೆಯ 100 ವೋಲ್ಟ್ ಲೈನ್ ಇನ್ನೂ ಅಪಾಯಕಾರಿ.

ಹೊಸ ಟಿವಿಗಳ ವಿಚಾರ ಸ್ವಲ್ಪ ಬೇರೆ. ಎಷ್ಟೋ ಮಾದರಿಗಳಲ್ಲಿ ಕೆಂಪು-ಬಿಳಿ ಆಡಿಯೊ ಔಟ್ ಇರುವುದೇ ಇಲ್ಲ. ಆಪ್ಟಿಕಲ್ ಅಥವಾ ಎಚ್‌ಡಿಎಂಐ ಮಾತ್ರ ಇರುತ್ತದೆ. ಇವು ಡಿಜಿಟಲ್ ಸಂಕೇತಗಳಾದ್ದರಿಂದ ರೆಸಿಸ್ಟರುಗಳಿಂದ ಕೂಡಿಸಲಾಗದು. ಆಪ್ಟಿಕಲ್ಲಿಗೆ ಒಂದು ಚಿಕ್ಕ ಡಿಜಿಟಲ್-ಅನಲಾಗ್ ಪರಿವರ್ತಕವನ್ನು ಇಟ್ಟು, ಟಿವಿಯ ಸೆಟ್ಟಿಂಗಿನಲ್ಲಿ ಔಟ್‌ಪುಟನ್ನು ಪಿಸಿಎಂ (ಸಂಕುಚಿಸದ ಡಿಜಿಟಲ್ ಧ್ವನಿ) ಎಂದು ಬದಲಿಸಬೇಕು. ಡಾಲ್ಬಿ ಎಂದೇ ಬಿಟ್ಟರೆ ಅಗ್ಗದ ಪರಿವರ್ತಕಗಳಿಂದ ಧ್ವನಿಯೇ ಬರುವುದಿಲ್ಲ, ಅಥವಾ ಬರಿ ಗೊರಗೊರ ಬರುತ್ತದೆ.

ರೆಸಿಸ್ಟರುಗಳ ಮಿಕ್ಸರ್

ತತ್ತ್ವ ಇಷ್ಟೇ: ಪ್ರತಿಯೊಂದು ಮೂಲದ ಪ್ರತಿಯೊಂದು ಚಾನೆಲ್ಲಿನ ದಾರಿಯಲ್ಲೂ ಒಂದು ರೆಸಿಸ್ಟರ್ ಇಟ್ಟು, ಆನಂತರ ಎಡಗಳೆಲ್ಲವನ್ನೂ ಒಂದು ಬಿಂದುವಿನಲ್ಲಿ, ಬಲಗಳೆಲ್ಲವನ್ನೂ ಇನ್ನೊಂದು ಬಿಂದುವಿನಲ್ಲಿ ಸೇರಿಸಬೇಕು. ಮೂರು ಸ್ಟೀರಿಯೊ ಮೂಲಗಳಿಗೆ ಆರು ರೆಸಿಸ್ಟರುಗಳು. ತಲಾ 10 ಕಿಲೋಓಮ್ ಹಾಕಿದರೆ ಎರಡು ಔಟ್‌ಪುಟ್‌ಗಳ ನಡುವೆ 20 ಕಿಲೋಓಮ್‌ನ ತಡೆ ಬಂದಂತಾಗುತ್ತದೆ. ಮೇಲೆ ಲೆಕ್ಕ ಹಾಕಿದ 10 ಮಿಲಿಆಂಪಿಯರ್ ಈಗ 0.1 ಮಿಲಿಆಂಪಿಯರಿಗೆ ಇಳಿಯುತ್ತದೆ. ಯಾವ ಉಪಕರಣಕ್ಕೂ ಇದು ಭಾರವಲ್ಲ.

ರೆಸಿಸ್ಟರಿನ ಮೌಲ್ಯ 10 ಕಿಲೋಓಮ್ ಏಕೆ? 1 ಕಿಲೋಓಮ್ ಹಾಕಿದರೆ ಮೊಬೈಲು ತಾಳಿಕೊಳ್ಳುತ್ತದೆ, ಹಳೆಯ ಕ್ಯಾಸೆಟ್ ಡೆಕ್ ತಾಳಿಕೊಳ್ಳಲಾರದು. 100 ಕಿಲೋಓಮ್ ಹಾಕಿದರೆ ಸಂಕೇತದ ಬಹುಪಾಲು ರೆಸಿಸ್ಟರಿನಲ್ಲೇ ಕಳೆದುಹೋಗುತ್ತದೆ, ಸುತ್ತಲಿನ ಗದ್ದಲವನ್ನು ತಂತಿ ಹೀರಿಕೊಳ್ಳುವುದೂ ಹೆಚ್ಚು. ಆಂಪ್ಲಿಫೈಯರಿನ ಇನ್‌ಪುಟ್ ಇಂಪೀಡೆನ್ಸ್ 47 ಕಿಲೋಓಮ್‌ನಷ್ಟಿದ್ದರೆ 10 ಕಿಲೋಓಮ್ ಸರಿ. ಹಲವು ಪವರ್ಡ್ ಸ್ಪೀಕರುಗಳಲ್ಲಿರುವಂತೆ 10 ಕಿಲೋಓಮ್ ಮಾತ್ರ ಇದ್ದರೆ 4.7 ಕಿಲೋಓಮ್ ಬಳಸುವುದು ಮೇಲು.

ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ, ಬೇರೆ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತವೆ. ಕಾಲು ವ್ಯಾಟಿನ ಮೆಟಲ್ ಫಿಲ್ಮ್ ರೆಸಿಸ್ಟರ್ ಕೇಳಿ. ಶೇ. 1ರ ನಿಖರತೆಯ 10 ಕಿಲೋಓಮ್‌ನ ಮೇಲೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಪಟ್ಟಿಗಳಿರುತ್ತವೆ. ಶೇ. 5ರದೇ ಸಿಕ್ಕರೂ ಕಿವಿಗೆ ವ್ಯತ್ಯಾಸ ತಿಳಿಯದು. ರೆಸಿಸ್ಟರುಗಳ ಬೆಲೆ ಲೆಕ್ಕಕ್ಕೇ ಬಾರದಷ್ಟು. ಖರ್ಚೆಲ್ಲ ಆರ್‌ಸಿಎ ಸಾಕೆಟುಗಳದ್ದು ಮತ್ತು ಡಬ್ಬಿಯದು. ಡಬ್ಬಿ ಲೋಹದ್ದಾಗಿರಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿದರೆ ಕೈ ಹತ್ತಿರ ಹೋದಾಗಲೆಲ್ಲ ಗುಂಯ್ ಎನ್ನುವ ಸಾಧ್ಯತೆ ಇದೆ.

ಜೋಡಿಸುವಾಗ ಮೊದಲು ಎಲ್ಲ ಸಾಕೆಟುಗಳ ಹೊರ ಉಂಗುರಗಳನ್ನು ದಪ್ಪ ತಂತಿಯೊಂದರಿಂದ ಒಂದಕ್ಕೊಂದು ಬೆಸೆಯಬೇಕು, ಇದೇ ಗ್ರೌಂಡ್. ಡಬ್ಬಿಯ ಲೋಹವನ್ನು ಈ ತಂತಿಗೆ ಔಟ್‌ಪುಟ್ ಸಾಕೆಟಿನ ಬಳಿ ಒಂದೇ ಕಡೆ ಸೇರಿಸಬೇಕು. ಆಮೇಲೆ ಪ್ರತಿ ಇನ್‌ಪುಟ್ ಸಾಕೆಟಿನ ನಡುವಿನ ಕಾಲಿಗೆ ಒಂದು ರೆಸಿಸ್ಟರ್ ಬೆಸೆದು, ಎಡಗಳ ಇನ್ನೊಂದು ತುದಿಗಳನ್ನು ಎಡ ಔಟ್‌ಪುಟ್‌ನ ನಡುಗಾಲಿಗೂ ಬಲಗಳದ್ದನ್ನು ಬಲ ಔಟ್‌ಪುಟ್‌ನ ನಡುಗಾಲಿಗೂ ತರಬೇಕು. ಪಿಸಿಬಿ (ಬಿಡಿಭಾಗಗಳನ್ನು ಕೂರಿಸುವ ಮುದ್ರಿತ ಹಲಗೆ) ಬೇಕಿಲ್ಲ, ರೆಸಿಸ್ಟರಿನ ಕಾಲುಗಳೇ ತಂತಿಯ ಕೆಲಸ ಮಾಡುತ್ತವೆ. ಪ್ರತಿ ಮೂಲಕ್ಕೂ ಪ್ರತ್ಯೇಕ ವಾಲ್ಯೂಮ್ ಗುಂಡಿ ಬೇಕೆನಿಸಿದರೆ, ರೆಸಿಸ್ಟರಿಗಿಂತ ಮೊದಲು 10 ಕಿಲೋಓಮ್‌ನ ಲಾಗ್ ಬಗೆಯ ಜೋಡಿ ಪೊಟೆನ್ಷಿಯೋಮೀಟರ್ ಇಡಬಹುದು: ಒಂದು ತುದಿ ಸಾಕೆಟಿಗೆ, ಇನ್ನೊಂದು ಗ್ರೌಂಡಿಗೆ, ನಡುಗಾಲು ರೆಸಿಸ್ಟರಿಗೆ. ನಡುಗಾಲುಗಳನ್ನು ರೆಸಿಸ್ಟರಿಲ್ಲದೆ ನೇರವಾಗಿ ಕೂಡಿಸಿದರೆ ಒಂದನ್ನು ಸೊನ್ನೆಗೆ ಇಳಿಸಿದಾಗ ಎಲ್ಲವೂ ಮೂಕವಾಗುತ್ತವೆ.

ಯಾವುದನ್ನೂ ಚುಚ್ಚುವ ಮೊದಲು, ವಾಲ್ಯೂಮ್ ಗುಂಡಿಗಳಿಲ್ಲದ ಮಾದರಿಯನ್ನು ಮಲ್ಟಿಮೀಟರಿನಿಂದ ಹೀಗೆ ಪರೀಕ್ಷಿಸಬೇಕು. ಯಾವುದೇ ಎಡ ಇನ್‌ಪುಟ್‌ನಿಂದ ಎಡ ಔಟ್‌ಪುಟ್‌ಗೆ 10 ಕಿಲೋಓಮ್ ತೋರಿಸಬೇಕು. ಎರಡು ಎಡ ಇನ್‌ಪುಟ್‌ಗಳ ನಡುವೆ 20. ಎಡ ಮತ್ತು ಬಲಗಳ ನಡುವೆ ಸಂಪರ್ಕವೇ ಇರಬಾರದು. ನಡುಗಾಲಿಗೂ ಗ್ರೌಂಡಿಗೂ ಇರಬಾರದು. ಈ ನಾಲ್ಕೂ ಸರಿಯಿದ್ದರೆ ಜೋಡಣೆ ಸರಿಯಿದೆ.

ಮಟ್ಟ ಎಷ್ಟು ಇಳಿಯುತ್ತದೆ

ರೆಸಿಸ್ಟರ್ ಮಿಕ್ಸರಿನಲ್ಲಿ ಸಂಕೇತ ಕುಗ್ಗುವುದು ಅನಿವಾರ್ಯ. ಸಮಾನ ರೆಸಿಸ್ಟರುಗಳಿರುವ ಎರಡು ಮೂಲಗಳಿದ್ದರೆ ಪ್ರತಿಯೊಂದೂ ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಇಳಿಯುತ್ತದೆ. ಮೂರಿದ್ದರೆ ಮೂರನೇ ಒಂದಕ್ಕೆ, ಸುಮಾರು 9.5 ಡೆಸಿಬೆಲ್, ನಾಲ್ಕಿದ್ದರೆ ಕಾಲು ಭಾಗಕ್ಕೆ, 12 ಡೆಸಿಬೆಲ್. ಆಂಪ್ಲಿಫೈಯರಿನ ಇನ್‌ಪುಟ್ ಇನ್ನಷ್ಟು ಸೇರಿಸುತ್ತದೆ, ಆದರೆ 47 ಕಿಲೋಓಮ್ ಇರುವಲ್ಲಿ ಅದು 1 ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ. ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ. ಹಳೆಯ ಸ್ಟೀರಿಯೊ ಆಂಪ್ಲಿಫೈಯರುಗಳಲ್ಲಿ ಬಹಳಷ್ಟು 150ರಿಂದ 300 ಮಿಲಿವೋಲ್ಟಿಗೇ ಪೂರ್ಣ ಶಕ್ತಿ ಕೊಡುವಂಥವು. 2 ವೋಲ್ಟ್ ಮೂರನೇ ಒಂದಾದರೂ 660 ಮಿಲಿವೋಲ್ಟಿಗಿಂತ ಹೆಚ್ಚೇ ಉಳಿಯುತ್ತದೆ. ವಾಲ್ಯೂಮ್ ಗುಂಡಿಯನ್ನು ಒಂದಿಷ್ಟು ಮುಂದೆ ತಿರುಗಿಸಿದರಾಯಿತು.

ಹೆಚ್ಚು ಕಿರಿಕಿರಿ ಕೊಡುವುದು ಮೂಲಗಳ ನಡುವಿನ ಅಂತರ. ಸಿಡಿ ಪ್ಲೇಯರ್ 2 ವೋಲ್ಟ್, ಮೊಬೈಲು ಅರ್ಧ ವೋಲ್ಟ್ ಕೊಡುತ್ತಿದ್ದರೆ ಒಂದು ಅಬ್ಬರಿಸುತ್ತದೆ, ಇನ್ನೊಂದು ಪಿಸುಗುಡುತ್ತದೆ. ಇದಕ್ಕೆ ರೆಸಿಸ್ಟರುಗಳಲ್ಲೇ ಪರಿಹಾರವಿದೆ, ಮತ್ತು ಈ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾದ ಅಂಶವೂ ಅದೇ. ಜೋರಾದ ಮೂಲಕ್ಕೆ ದೊಡ್ಡ ರೆಸಿಸ್ಟರ್ ಹಾಕಬೇಕು. ಮೊಬೈಲಿಗೆ 10 ಕಿಲೋಓಮ್, ಸಿಡಿ ಪ್ಲೇಯರಿಗೆ 39 ಕಿಲೋಓಮ್ ಹಾಕಿದರೆ, ಆಂಪ್ಲಿಫೈಯರಿನ ಹೊರೆಯನ್ನು ಬದಿಗಿಟ್ಟು ನೋಡಿದಾಗ, ಎರಡೂ ಸುಮಾರು 0.4 ವೋಲ್ಟಿಗೆ ಬಂದು ನಿಲ್ಲುತ್ತವೆ. ಮೊಬೈಲಿನ ಅರ್ಧ ವೋಲ್ಟಿನಲ್ಲಿ ಕಳೆದುಹೋದದ್ದು ಐದನೇ ಒಂದು ಭಾಗ ಮಾತ್ರ. ರೆಸಿಸ್ಟರುಗಳ ಅನುಪಾತವು ಮಟ್ಟಗಳ ಅನುಪಾತಕ್ಕೆ ಸಮವಾಗಿರಬೇಕು ಎಂಬ ಸರಳ ಸೂತ್ರವಿಷ್ಟೇ ಇದು. ಮೊಬೈಲು, ಲ್ಯಾಪ್‌ಟಾಪ್‌ಗಳಂತೆ ತನ್ನದೇ ವಾಲ್ಯೂಮ್ ಇರುವ ಮೂಲಗಳನ್ನು ಗರಿಷ್ಠಕ್ಕಿಂತ ತುಸು ಕೆಳಗೆ ಸ್ಥಿರವಾಗಿಟ್ಟುಕೊಂಡು, ಬದಲಿಸಲಾಗದ ಮೂಲಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಉತ್ತಮ.

ಬಳಸುವಾಗ ಎದುರಾಗುವ ಇನ್ನೊಂದು ಸಂಗತಿಯೆಂದರೆ, ಮೂರರಲ್ಲಿ ಒಂದು ಪಿನ್ನನ್ನು ಕಿತ್ತೊಡನೆ ಉಳಿದೆರಡರ ಧ್ವನಿ ಸುಮಾರು 3.5 ಡೆಸಿಬೆಲ್ ಏರುತ್ತದೆ. ಕೆಲಸವಿಲ್ಲದ ಮೂಲವನ್ನೂ ಜೋಡಿಸಿಯೇ ಬಿಡುವುದು ಸುಲಭದ ಉಪಾಯ. ಪಿನ್ ಕಿತ್ತಾಗ ತಾನಾಗಿಯೇ ಗ್ರೌಂಡಿಗೆ ಸೇರುವ ಸ್ವಿಚ್ ಇರುವ ಸಾಕೆಟುಗಳೂ ಸಿಗುತ್ತವೆ. ಮಿಕ್ಸರ್ ಡಬ್ಬಿಯನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಇಡಬೇಕು. ಡಬ್ಬಿಯ ಔಟ್‌ಪುಟ್ ಇಂಪೀಡೆನ್ಸ್ ಮೂರು ಮೂಲಗಳಿದ್ದಾಗ ಸುಮಾರು 3.3 ಕಿಲೋಓಮ್. ಶೀಲ್ಡ್ ಕೇಬಲಿನ ಕೆಪಾಸಿಟೆನ್ಸ್ ಮೀಟರಿಗೆ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ, ಒಂದೆರಡು ಮೀಟರಿನಲ್ಲಿ ಏನೂ ಆಗದು, ಆದರೆ 20 ಮೀಟರ್ ಎಳೆದರೆ ಸುಮಾರು 24 ಕಿಲೋಹರ್ಟ್ಸ್‌ಗೇ 3 ಡೆಸಿಬೆಲ್ ಕುಸಿತ ಬಂದು ತಾರಸ್ವರಗಳ ಹೊಳಪು ಮಂಕಾಗತೊಡಗುತ್ತದೆ. ಮೂಲದಿಂದ ಡಬ್ಬಿಗೆ ಬರುವ ಕೇಬಲ್ ಉದ್ದವಿರಲಿ, ಡಬ್ಬಿಯಿಂದ ಹೊರಡುವುದು ಗಿಡ್ಡವಿರಲಿ.

ಆಂಪ್ಲಿಫೈಯರ್ ಮೋನೊ ಆಗಿದ್ದರೂ ಇದೇ ನಿಯಮ: ಎಡ ಮತ್ತು ಬಲಗಳನ್ನು ನೇರವಾಗಿ ತಿರುಚಿ ಕೂಡಿಸದೆ ಎರಡಕ್ಕೂ ಒಂದೊಂದು ರೆಸಿಸ್ಟರ್ ಇಟ್ಟು ಒಂದೇ ಬಿಂದುವಿಗೆ ತರಬೇಕು. ಶ್ರುತಿಪೆಟ್ಟಿಗೆಯಂಥ ಉಪಕರಣಗಳನ್ನು ಜೋಡಿಸುವಾಗ ಅದರ ಸಾಕೆಟ್ ಮೋನೊ ಆಗಿದೆಯೇ ಸ್ಟೀರಿಯೊ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಸ್ಟೀರಿಯೊ ಸಾಕೆಟಿಗೆ ಮೋನೊ ಪಿನ್ ಹಾಕಿದರೆ ಬಲ ಚಾನೆಲ್ ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ.

ಗುಂಯ್ ಸದ್ದು

ಒಂದೊಂದನ್ನೇ ಜೋಡಿಸಿದಾಗ ನಿಶ್ಶಬ್ದವಾಗಿದ್ದ ವ್ಯವಸ್ಥೆ ಮೂರನ್ನೂ ಕೂಡಿಸಿದಾಗ ಗುಂಯ್‌ಗುಡಲು ತೊಡಗಿದರೆ ತಪ್ಪು ಸಾಮಾನ್ಯವಾಗಿ ರೆಸಿಸ್ಟರುಗಳದ್ದಲ್ಲ. ಉಪಕರಣಗಳ ಗ್ರೌಂಡುಗಳು ಕೇಬಲಿನ ಶೀಲ್ಡಿನ ಮೂಲಕ ಒಮ್ಮೆ, ಮನೆಯ ಅರ್ಥಿಂಗ್ ಮೂಲಕ ಇನ್ನೊಮ್ಮೆ ಸೇರಿಕೊಂಡು ಒಂದು ಮುಚ್ಚಿದ ಸುತ್ತು ಏರ್ಪಡುತ್ತದೆ. ಟ್ರಾನ್ಸ್‌ಫಾರ್ಮರು ಮತ್ತು ಗೋಡೆಯ ವೈರಿಂಗಿನ ಕಾಂತಕ್ಷೇತ್ರ ಆ ಸುತ್ತಿನಲ್ಲಿ 50 ಹರ್ಟ್ಸ್‌ನ ಪ್ರವಾಹವನ್ನು ಹರಿಸುತ್ತದೆ, ಅದು ಶೀಲ್ಡಿನ ಅಲ್ಪ ತಡೆಯಲ್ಲಿ ವೋಲ್ಟೇಜಾಗಿ ಸಂಕೇತದ ಜೊತೆ ಸೇರಿಬಿಡುತ್ತದೆ.

ಪತ್ತೆಗೆ ಒಂದೊಂದನ್ನಾಗಿ ಬಿಡಿಸುತ್ತ ಹೋಗಬೇಕು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ನಿಂತರೆ ಸುತ್ತು ಚಾರ್ಜರಿನ ಮೂಲಕ ಬರುತ್ತಿದೆ. ಟಿವಿಯ ಕೇಬಲ್ ಅಥವಾ ಡಿಶ್‌ನ ವೈರು ಕಳಚಿದಾಗ ನಿಂತರೆ ಅಲ್ಲಿಂದ. ಮೊದಲ ಮದ್ದು ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ನಡೆಸುವುದು. ಅದಕ್ಕೂ ಬಗ್ಗದಿದ್ದರೆ ಕಾಟ ಕೊಡುವ ಮೂಲ ಮತ್ತು ಮಿಕ್ಸರಿನ ನಡುವೆ 1:1ರ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. ತೀರ ಅಗ್ಗದವು ಮಂದ್ರವನ್ನು ಸ್ವಲ್ಪ ನುಂಗುತ್ತವೆ ಎಂಬುದು ಅದರ ಬೆಲೆ. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತುಹಾಕಿ ಸದ್ದು ನಿಲ್ಲಿಸುವ ರೂಢಿ ಇದೆ. ಅದನ್ನು ಯಾವ ಕಾರಣಕ್ಕೂ ಮಾಡಕೂಡದು. ಆ ಪಿನ್ ಇರುವುದು ಜೀವರಕ್ಷಣೆಗೆ.

ಆಪ್-ಆಂಪ್ ಬೇಕಾಗುವುದು ಯಾವಾಗ

ಮೂಲಗಳು ನಾಲ್ಕೈದಕ್ಕಿಂತ ಹೆಚ್ಚಾದರೆ, ಎಲ್ಲವೂ ದುರ್ಬಲವಾಗಿದ್ದರೆ, ಅಥವಾ ಒಂದನ್ನು ತೆಗೆದಾಗ ಇನ್ನೊಂದರ ಮಟ್ಟ ಕಿಂಚಿತ್ತೂ ಅಲುಗಬಾರದು ಎಂದಿದ್ದರೆ ಕೂಡಿಸುವ ಬಿಂದುವಿನಲ್ಲಿ ಆಪ್-ಆಂಪ್ (ಐಸಿಯೊಳಗಿನ ಚಿಕ್ಕ ವರ್ಧಕ) ಇಡಬೇಕಾಗುತ್ತದೆ. ಟಿಎಲ್072 ಅಥವಾ ಎನ್‌ಇ5532ರಲ್ಲಿ ಎರಡು ಆಪ್-ಆಂಪ್‌ಗಳಿರುವುದರಿಂದ ಒಂದೇ ಐಸಿ ಎರಡೂ ಚಾನೆಲ್ಲಿಗೆ ಸಾಕು. ಪ್ರತಿ ಇನ್‌ಪುಟ್‌ನಿಂದ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 22 ಕಿಲೋಓಮ್ ರೆಸಿಸ್ಟರನ್ನು ಸಾಲಾಗಿ ಇಟ್ಟು ಇನ್ವರ್ಟಿಂಗ್ ಪಿನ್ನಿಗೆ ತರಬೇಕು. ಅದೇ ಪಿನ್ನಿಂದ ಔಟ್‌ಪುಟ್‌ಗೆ 22 ಕಿಲೋಓಮ್ ಮತ್ತು ಅದಕ್ಕೆ ಸಮಾಂತರವಾಗಿ 47 ಪಿಕೋಫ್ಯಾರಡ್ ಕೆಪಾಸಿಟರ್. ನಾನ್-ಇನ್ವರ್ಟಿಂಗ್ ಪಿನ್ ಗ್ರೌಂಡಿಗೆ. ಔಟ್‌ಪುಟ್‌ನಿಂದ ಸಾಕೆಟಿಗೆ 100 ಓಮ್ ಇರಲಿ, ಇಲ್ಲದಿದ್ದರೆ ಉದ್ದದ ಕೇಬಲ್ ಸಿಕ್ಕಾಗ ಐಸಿ ಆಂದೋಲನಕ್ಕೆ ತೊಡಗಬಹುದು. ಪಿನ್ 8 ಮತ್ತು ಪಿನ್ 4ರಿಂದ ಗ್ರೌಂಡಿಗೆ ತಲಾ 100 ನ್ಯಾನೋಫ್ಯಾರಡ್ ಹಾಕುವುದನ್ನು ಮರೆಯಬಾರದು.

ಇಲ್ಲಿ ಕೂಡುವ ಬಿಂದು ಸದಾ ಸೊನ್ನೆ ವೋಲ್ಟಿನ ಬಳಿಯಲ್ಲೇ ಇರುವುದರಿಂದ ಒಂದು ಮೂಲ ಇನ್ನೊಂದನ್ನು ಕಾಣುವುದೇ ಇಲ್ಲ, ಮಟ್ಟವೂ ಇಳಿಯುವುದಿಲ್ಲ. ಸಂಕೇತ ತಲೆಕೆಳಗಾಗುತ್ತದೆ ನಿಜ, ಆದರೆ ಎರಡೂ ಚಾನೆಲ್ಲುಗಳಲ್ಲಿ ಒಂದೇ ರೀತಿ ಆಗುವುದರಿಂದ ಕಿವಿಗೆ ತಿಳಿಯದು. ವಿದ್ಯುತ್ತಿಗೆ 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿ ನಡುವಿನ ಬಿಂದುವನ್ನು ಗ್ರೌಂಡ್ ಮಾಡಿಕೊಳ್ಳುವುದು ಅತ್ಯಂತ ನಿಶ್ಶಬ್ದವಾದ ಏರ್ಪಾಟು. ಟಿಎಲ್072 ಸುಮಾರು 3 ಮಿಲಿಆಂಪಿಯರ್ ಮಾತ್ರ ಎಳೆಯುವುದರಿಂದ ಬ್ಯಾಟರಿ ಬಹಳ ಕಾಲ ಬರುತ್ತದೆ. ಎನ್‌ಇ5532ಕ್ಕೆ ಪ್ರವಾಹ ಹೆಚ್ಚು ಬೇಕು, ಅದನ್ನು ಅಡಾಪ್ಟರಿನಿಂದ ನಡೆಸುವುದೇ ಒಳ್ಳೆಯದು. ಆನ್-ಆಫ್ ಸ್ವಿಚ್ ಎರಡೂ ಬ್ಯಾಟರಿಗಳನ್ನು ಒಟ್ಟಿಗೇ ಕಡಿಯುವ ಎರಡು ಪೋಲಿನದಾಗಿರಬೇಕು. ಒಂದೇ ಬ್ಯಾಟರಿ ಉಳಿದುಕೊಂಡರೆ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ನಿಂತು ಸ್ಪೀಕರಿನಲ್ಲಿ ದಡ್ ಎನ್ನುತ್ತದೆ. ಮೈಕು, ವೀಣೆಯ ಪಿಕಪ್ಪುಗಳನ್ನೂ ಸೇರಿಸುವ ಯೋಚನೆ ಇದ್ದರೆ ಇದನ್ನೆಲ್ಲ ಕಟ್ಟುವ ಬದಲು, ಮೈಕ್ ಪ್ರೀಆಂಪ್ ಮತ್ತು ಹೈ-ಇಂಪೀಡೆನ್ಸ್ ಇನ್‌ಪುಟ್ ಎರಡೂ ಇರುವ ಚಿಕ್ಕ ಸಿದ್ಧ ಮಿಕ್ಸರನ್ನೇ ಕೊಳ್ಳುವುದು ಲೇಸು. ಅದರ ಔಟ್‌ಪುಟನ್ನು ಆಕ್ಸ್ ಸಾಕೆಟಿಗೆ ಕೊಟ್ಟು, ಆಂಪ್ಲಿಫೈಯರಿನ ವಾಲ್ಯೂಮನ್ನು ಪೂರ್ತಿ ಇಳಿಸಿ ಆನ್ ಮಾಡಿ, ಆಮೇಲೆ ಒಂದೊಂದೇ ಚಾನೆಲ್ಲನ್ನು ಏರಿಸುತ್ತ ಬರಬೇಕು.